ಇಪ್ಪತ್ತೇಳು ಇಂಚಿನ ಹಟ

ನಂಬಬೇಡಿ. ನಂಬದೆ ಓದುವ ತಾಕತ್ತು ನಿಮಗಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಓದಿ, ನೋಡೋಣ. ಎಪ್ಪತ್ತಮೂರು ವರ್ಷದ ಮುದುಕನೊಬ್ಬ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡವನು, ಕಂಪ್ಯೂಟರ್ ಅಂಗಡಿಯವನೇ ಆಗುವುದಿಲ್ಲ ಎಂದು ಕೈಚೆಲ್ಲಿದ ಕೆಲಸವನ್ನು ಅಟ್ಟೂರಿನ ತನ್ನ ಮನೆಯಲ್ಲಿ ಕುಳಿತು ದೇವರ ದೀಪದ ಬತ್ತಿಯಿಂದ ಮಾಡಿ ಮುಗಿಸಿದ ಎಂದರೆ ನಿಮಗೆ ನಗು ಬರುತ್ತದೆ. ಬರಲಿ. ನನ್ನ ಹೆಂಡತಿಗೂ ಬಂದಿತ್ತು.

ಮೊದಲು ನನ್ನನ್ನು ಸ್ವಲ್ಪ ಹೊಗಳಿಕೊಳ್ಳುತ್ತೇನೆ. ಬೇರೆಯವರು ಹೊಗಳಲಿ ಎಂದು ಕಾಯುವ ಅಭ್ಯಾಸ ನನಗಿಲ್ಲ. ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ನಕ್ಷೆ ಬರೆದವನು ನಾನು. ಆಗ ಕಂಪ್ಯೂಟರ್ ಇರಲಿಲ್ಲ. ಮಂಚದಷ್ಟಗಲದ ಹಲಗೆ, ಅದರ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲ್. ನನ್ನ ಗೆರೆ ನೋಡಿ ಸಾಹೇಬರುಗಳು ಇದು ಅಚ್ಚು ಹಾಕಿಸಿದ್ದಾ ಎಂದು ಉಗುರಿನಿಂದ ಕೆರೆದು ನೋಡುತ್ತಿದ್ದರು. ಸುಳ್ಳಲ್ಲ.

ಅಂಥ ಗೆರೆಯಿಂದ ನಾನು ಮಾಡಿದ ದೊಡ್ಡ ಕೆಲಸ ಯಾವುದು ಗೊತ್ತೇ? ಒಂದು ಒಗ್ಗರಣೆ ಸೌಟು. ನಮ್ಮ ಸಾಹೇಬರು ಕಾಗದ ಓದದೆ ಸಹಿ ಹಾಕುತ್ತಾರೆ ಎಂದು ಎಲ್ಲರೂ ಗೊಣಗುತ್ತಿದ್ದರು. ನಾನು ಗೊಣಗಲಿಲ್ಲ. ಮೂರು ಕಡೆಯಿಂದ ನೋಡಿದ ಹಾಗೆ, ಹಿಡಿಯ ಬಾಗು, ಬಟ್ಟಲಿನ ಆಳ, ಎಲ್ಲಕ್ಕೂ ಕೂದಲೆಳೆಯಷ್ಟೂ ತಪ್ಪದ ಅಳತೆ ಹಾಕಿ ಸೌಟಿನ ನಕ್ಷೆ ಬರೆದು, ಒಂದು ಬಿಡಿಭಾಗದ ನಂಬರ್ ಕೊಟ್ಟು, ಉಳಿದ ನಕ್ಷೆಗಳ ನಡುವೆ ತೂರಿಸಿಬಿಟ್ಟೆ. ನಾಲ್ಕು ಸಹಿ ಬಿತ್ತು. ವಾರದ ಮೇಲೆ ಒಳ್ಳೆಯ ಉಕ್ಕಿನಲ್ಲಿ ಸೌಟು ತಯಾರಾಗಿ ಸಾಹೇಬರ ಮೇಜಿನ ಮೇಲೆ ಕುಳಿತಿತ್ತು. ಅದನ್ನು ಮಾಡಿದವನನ್ನು ಕರೆಸಿ, "ಇದೇನಯ್ಯಾ?" ಎಂದರು. ಅವನು ಕಣ್ಣು ಕೂಡ ಮಿಟುಕಿಸದೆ, "ಡ್ರಾಯಿಂಗ್‌ನಲ್ಲಿತ್ತು ಸಾರ್, ಮಾಡ್ದೆ" ಎಂದ.

ಆ ಸೌಟು ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿದೆ. ಮಾಡಿದವನು ಇವತ್ತಿಗೂ ನನ್ನ ಸ್ನೇಹಿತ. ಅವನನ್ನು ನಾನು ಭಾಯ್ ಎನ್ನುತ್ತೇನೆ, ಅವನು ನನ್ನನ್ನು ಗುರು ಎನ್ನುತ್ತಾನೆ. ಮನೆಯಲ್ಲಿ ದಖನಿ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ನಿವೃತ್ತಿಯಾದ ಮೇಲೆ ಅಟ್ಟೂರಿನಲ್ಲಿ ಗೇಟು ಗ್ರಿಲ್ಲು ಮಾಡುವ ಶೆಡ್ಡು ಹಾಕಿದ. ನಾನು ಅರವತ್ತು ದಾಟಿದ ಮೇಲೆ ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಅವನ ಗೇಟುಗಳಿಗೆ ನಕ್ಷೆ ಬರೆದುಕೊಡಲು ಶುರುಮಾಡಿದೆ. ಅವನ ಕಾನೂನು ಇವತ್ತಿಗೂ ಅದೇ. ನಕ್ಷೆಯಲ್ಲಿದ್ದದ್ದನ್ನು ಮಾಡುತ್ತಾನೆ. ಹೆಚ್ಚಿಲ್ಲ, ಕಡಿಮೆಯಿಲ್ಲ, ಪ್ರಶ್ನೆಯಿಲ್ಲ.

ಈಗ ಜಗಳಕ್ಕೆ ಬರುತ್ತೇನೆ.

ರಾಜಾನುಕುಂಟೆಯ ಹತ್ತಿರ ಒಂದು ಹೊಸ ಕಲ್ಯಾಣ ಮಂಟಪ. ಅದಕ್ಕೆ ಎರಡು ಬಾಗಿಲಿನ ಗೇಟು, ನಡುವೆ ಹಂಸದ ಜೋಡಿ, ನಕ್ಷೆ ನನ್ನದು. ಗೇಟು ಕೂರಿಸುವ ದಿನ ನಾನೂ ಹೋಗಿದ್ದೆ, ಹೊಗಳಿಕೆ ಕೇಳಿಸಿಕೊಳ್ಳುವುದಕ್ಕೆ. ಬಾಗಿಲುಗಳನ್ನು ತಳ್ಳಿದರು. ಹಂಸಗಳು ಒಂದಕ್ಕೊಂದು ಕೊಕ್ಕು ತಾಗಿಸಬೇಕಿತ್ತು. ತಾಗಲಿಲ್ಲ. ನಡುವೆ ನಾಲ್ಕು ಇಂಚು ಸಂದಿ. ಮಂಟಪದ ಯಜಮಾನರು ಆ ಸಂದಿಯಲ್ಲಿ ತೋಳು ತೂರಿಸಿ ಆಚೆ ಕಡೆ ಕೈಯಾಡಿಸಿ ತೋರಿಸಿದರು.

"ಇಂಗ್ಯಾಕ್ ಮಾಡೀರಿ ಸ್ವಾಮಿ? ಬೀಗ ಆಕಿದ್ರೂ ನಮ್ ಕೋಳಿ ಒಳಕ್ ಓಯ್ತದೆ!"

ನಾನು ಭಾಯ್ ಕಡೆ ತಿರುಗಿದೆ. "ಒಂದೊಂದು ಬಾಗಿಲೂ 1880 ಮಿಲಿಮೀಟರ್ ಇರ್ಬೇಕು. ನೀನು ಎಷ್ಟಕ್ಕೆ ಮಾಡಿದ್ಯೋ?"

ಅವನು ಟೇಪು ಎಳೆದು ಅಳೆದ. "1830. ಡ್ರಾಯಿಂಗ್‌ನಲ್ಲಿದ್ದಷ್ಟು."

"ನನ್ನ ಡ್ರಾಯಿಂಗ್‌ನಲ್ಲಿ 1880 ಇದೆ ಕಣೋ!"

"ಕಟಿಂಗ್ ಲಿಸ್ಟ್ ನೋಡಿ ಕಟ್ ಮಾಡಿದ್ದು ಗುರು ನಾನು. ಲಿಸ್ಟ್‌ನಲ್ಲಿ ಏನಿತ್ತೋ ಅದೇ."

ಕಟಿಂಗ್ ಲಿಸ್ಟ್ ಎಂದರೆ ಯಾವ ಪೈಪನ್ನು ಎಷ್ಟುದ್ದ ಕತ್ತರಿಸಬೇಕು ಎಂಬ ಪಟ್ಟಿ. ಹಾಳೆಯ ಕೆಳಗೆ ಬಲಮೂಲೆಯಲ್ಲಿ ಇರುತ್ತದೆ. ಅವನ ಹತ್ತಿರವಿದ್ದ ಪ್ರಿಂಟು ಕೈಯ ಗ್ರೀಸ್ ಒರೆಸಿ ಒರೆಸಿ ಎಂದೋ ಕಸಕ್ಕೆ ಹೋಗಿತ್ತು. ನಾನು ಬಿಡುತ್ತೇನೆಯೇ? ಮನೆಯಿಂದ ಲ್ಯಾಪ್‌ಟಾಪ್ ತಂದು, ಗೇಟಿನ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಅಳತೆ ತೋರಿಸಿದೆ. 1880. ಕಡಲೆಕಾಯಿ ಗಾತ್ರದ ಅಂಕಿ. ಭಾಯ್ ನೋಡಿದ. ಎರಡೂ ಬಾಗಿಲಿಗೆ ಒಂದೊಂದು ಉಕ್ಕಿನ ಪಟ್ಟಿ ಬೆಸೆದು ಸಂದಿ ಮುಚ್ಚಿದ. ಹಂಸಗಳ ನಡುವೆ ಈಗ ಒಂದು ಕಬ್ಬಿಣದ ಗೋಡೆ.

ಕೆಳಗಿನ ಮೂಲೆಗೆ ಸರಿಸಿ ಪಟ್ಟಿ ನೋಡಿದೆಯಾ ಎಂದು ನೀವು ಕೇಳಬಹುದು. ನೋಡಲಿಲ್ಲ. ನಾನೇ ಬರೆದ ಪಟ್ಟಿಯನ್ನು ನಾನು ಯಾಕೆ ನೋಡಲಿ? ಅಲ್ಲಿಂದ ಒಂದು ತಿಂಗಳು ಪುಟ್ಟೇನಹಳ್ಳಿ ಕೆರೆಯ ಬೆಂಚಿನ ಮೇಲೆ ನಮ್ಮ ವಾಕಿಂಗ್ ಬಳಗಕ್ಕೆ ಆ ಕಥೆ ಹೇಳಿದ್ದೇ ಹೇಳಿದ್ದು. ಭಾಯ್‌ಗೆ ವಯಸ್ಸಾಯ್ತು, ಎಂಟಕ್ಕೂ ಮೂರಕ್ಕೂ ವ್ಯತ್ಯಾಸ ಕಾಣಿಸಲ್ಲ ಪಾಪ, ಎಂದು ಅವನ ಹಾಗೆ ಟೇಪು ಎಳೆಯುವ ಅಭಿನಯ ಸಮೇತ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಗುರುವಾರ ಭಾಯ್ ಬಂದು ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಕೆರೆ ಪಕ್ಕದ ಅಪಾರ್ಟ್‌ಮೆಂಟ್ ಗೇಟ್ ಕೆಲಸ ಬಂದಿದೆ ಗುರು. ಸೋಮವಾರ ಡ್ರಾಯಿಂಗ್ ಕೊಡ್ಬೇಕು. ನ್ಯೂ ಟೌನ್‌ನಲ್ಲಿ ಕಂಪ್ಯೂಟರ್ ಸೆಂಟರ್ ಇದೆಯಲ್ಲ, ಈ ಸಲ ಅವ್ರಿಗೆ ಕೊಡ್ತೀನಿ. ನಿನಗೆ ಹೇಳ್ದೆ ಮಾಡೋದು ಬೇಡ ಅಂತ ಬಂದೆ."

"ಯಾಕೋ? ನನಗೇನಾಗಿದೆ?"

"ನಿನ್ ಕಣ್ಣು..."

"ನನ್ ಕಣ್ಣಿಗೆ ಹೊಸ ಲೆನ್ಸ್ ಇದೆ. ನಿಂದು ಹಳೇ ಮಾಡೆಲ್ಲು."

"ಅರೇ, ತಮಾಷೆ ಬಿಡು. ಕೆರೆ ಹತ್ರ ಜನ ನನ್ ಮುಖ ನೋಡಿ ಕೋಳಿ ಥರ ಕೂಗ್ತಾರೆ. ಇನ್ನೊಂದ್ ಗೇಟು ಹಂಗಾದ್ರೆ ಶೆಡ್ಡಿಗೆ ಯಾರೂ ಬರಲ್ಲ."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಚುಚ್ಚಿದ್ದು. ನಲವತ್ತು ವರ್ಷದಲ್ಲಿ ಅವನು ನನ್ನ ನಕ್ಷೆ ಬೇಡವೆಂದದ್ದು ಇದೇ ಮೊದಲು. ನಕ್ಷೆ ಬರೆಯದಿದ್ದರೆ ನಾನು ಯಾರು? ಬೆಂಚಿನ ಮೇಲೆ ಕೂತು ಸಕ್ಕರೆ ಕಾಯಿಲೆಯ ಮಾತ್ರೆಗಳ ಹೆಸರು ಹೇಳುವವರ ಸಾಲಿಗೆ ಇನ್ನೊಬ್ಬ.

"ಸೋಮವಾರ ಬೆಳಿಗ್ಗೆ ಬಾ," ಎಂದೆ. "ನಾನೇ ಬರೆದಿಟ್ಟಿರ್ತೀನಿ. ಒಂದು ತಪ್ಪು ಹುಡುಕು, ಲ್ಯಾಪ್‌ಟಾಪ್ ಮುಚ್ಚಿ ಅಟ್ಟಕ್ಕೆ ಹಾಕ್ತೀನಿ. ಮತ್ತೆ ಪೆನ್ಸಿಲ್ ಮುಟ್ಟಲ್ಲ."

"ಒಂದೇ ಒಂದು?"

"ಒಂದೇ."

ಮಾತು ಕೊಟ್ಟದ್ದೇನೋ ಆಯಿತು. ಆದರೆ ಹೊರಗೆ ಯಾರಿಗೂ ಹೇಳದ ಒಂದು ವಿಷಯ ನನಗೆ ಗೊತ್ತಿತ್ತು. ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್‌ನಲ್ಲಿ ನಕ್ಷೆ ನೋಡುವುದೆಂದರೆ ಕಿಟಕಿಯ ಸಂದಿಯಿಂದ ದಸರಾ ಮೆರವಣಿಗೆ ನೋಡಿದ ಹಾಗೆ. ಆನೆಯ ಕಾಲು ಕಂಡರೆ ಸೊಂಡಿಲು ಕಾಣದು. ಪೂರ್ತಿ ಹಾಳೆ ಕಾಣಿಸಬೇಕೆಂದರೆ ಅಂಕಿಗಳು ಇರುವೆಗಳಾಗುತ್ತವೆ; ಅಂಕಿ ಕಾಣಿಸಬೇಕೆಂದರೆ ಹಾಳೆ ಮಾಯ. ಹಲಗೆಯ ಕಾಲದಲ್ಲಿ ಹಾಗಿರಲಿಲ್ಲ. ಎರಡು ಹೆಜ್ಜೆ ಹಿಂದೆ ನಿಂತರೆ ಇಡೀ ನಕ್ಷೆ ಕಣ್ಣಲ್ಲಿ, ಮುಂದೆ ಬಾಗಿದರೆ ಅಂಕಿ ಕಣ್ಣಲ್ಲಿ.

ಅದೇ ವಾರ ನಮ್ಮ ಮಹಡಿಯ ಬಾಡಿಗೆಯವನು ಮನೆ ಖಾಲಿ ಮಾಡುತ್ತಿದ್ದ. ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದವನು, ಮದುವೆಯಾಗಿ ಪುಣೆಗೆ ಹೊರಟಿದ್ದ. ಸಾಮಾನು ಇಳಿಸುವಾಗ ಒಂದು ದೊಡ್ಡ ಸ್ಕ್ರೀನನ್ನು ನಮ್ಮ ಸೋಫಾ ಮೇಲಿಟ್ಟ.

"ಅಂಕಲ್, ಇಪ್ಪತ್ತೇಳು ಇಂಚು, ಫೋರ್ ಕೆ ಮಾನಿಟರ್. ಪ್ಯಾಕ್ ಮಾಡಕ್ಕೆ ಬಾಕ್ಸ್ ಇಲ್ಲ. ನೀವೇ ಇಟ್ಕೊಳ್ಳಿ. ಎರಡು ಕೇಬಲ್ ಕೊಟ್ಟಿದೀನಿ."

"ಫೋರ್ ಕೆ ಅಂದ್ರೆ?"

"ನಿಮ್ ಲ್ಯಾಪ್‌ಟಾಪ್‌ಗಿಂತ ನಾಲ್ಕು ಪಟ್ಟು ಚುಕ್ಕಿ ಜಾಸ್ತಿ ಅಂಕಲ್. ಎಷ್ಟು ಸಣ್ಣದಾದ್ರೂ ನೀಟಾಗಿ ಕಾಣುತ್ತೆ."

ನಾಲ್ಕು ಪಟ್ಟು ಚುಕ್ಕಿ! ನನ್ನ ಹಲಗೆ ಮಹಡಿ ಮೆಟ್ಟಿಲು ಇಳಿದು ವಾಪಸ್ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅದನ್ನು ಪ್ರತಿಷ್ಠಾಪನೆ ಮಾಡಿ, ಟಿವಿಗೆ ಹಾಕುವಂಥದ್ದೇ ಚಪ್ಪಟೆ ಮೂತಿಯ ಎಚ್‌ಡಿಎಂಐ ಕೇಬಲ್ ಚುಚ್ಚಿದೆ. ಬೆಳಕು ಬಂತು. ಚಿತ್ರವೂ ಬಂತು. ಆದರೆ ಏನು ಚಿತ್ರ! ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು ಎಳೆದು ಹುಟ್ಟುಹಬ್ಬದ ಫ್ಲೆಕ್ಸ್ ಮಾಡಿಸಿದ ಹಾಗೆ, ಎಲ್ಲವೂ ದಪ್ಪ, ಎಲ್ಲವೂ ಮಂಜು. ಹೆಂಡತಿ ಹೀರೇಕಾಯಿ ಹೆರೆಯುತ್ತಾ ಬಂದು ನೋಡಿದಳು.

"ಊಟದ ಮೇಜು ಹೋಯ್ತು. ಸೀರಿಯಲ್ ಆದ್ರೂ ಬರುತ್ತೇನ್ರೀ ಇದ್ರಲ್ಲಿ?"

"ಇದು ಟಿವಿ ಅಲ್ಲ ಕಣೇ."

"ಟಿವೀನೇ ವಾಸಿ. ಅದ್ರಲ್ಲಿ ಮುಖ ನೆಟ್ಟಗೆ ಕಾಣುತ್ತೆ."

ಶನಿವಾರ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ನ್ಯೂ ಟೌನಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ತಿರುಗಿಸಿ ಕೂಡ ನೋಡಲಿಲ್ಲ.

"ಹಳೇದು ಸರ್. ಫೋರ್ ಕೆ ಎಲ್ಲ ಸಪೋರ್ಟ್ ಮಾಡಲ್ಲ. ಹೊಸದು ತಗೊಂಡ್ಬಿಡಿ."

"ಹಳೇದಾದ್ರೆ ಸಪೋರ್ಟ್ ಮಾಡಲ್ಲ ಅಂತ ಯಾರ್ ಹೇಳಿದ್ದು? ನಿನ್ ಅಂಗಡಿ ಮುಂದಿನ ಗ್ರಿಲ್ ಗೇಟು ಯಾರ್ ಬರೆದಿದ್ದು ಗೊತ್ತಾ? ನಾನು. ಹನ್ನೆರಡು ವರ್ಷ ಆಯ್ತು."

"ಅದು ನಿಮ್ದಾ ಸರ್?" ಅವನು ತಲೆ ಎತ್ತಿದ. "ಮಳೆಗಾಲದಲ್ಲಿ ಹಾಕಕ್ಕೇ ಆಗಲ್ಲ ಸರ್ ಅದು."

ನಾನು ಜೀವನದಲ್ಲಿ ಉತ್ತರ ಕೊಡದೆ ಹೊರಬಂದ ಸಂದರ್ಭಗಳು ಎರಡೇ. ಇನ್ನೊಂದು ನನ್ನ ಮದುವೆ.

ಆದರೆ ಆ ಮಾತು ಒಳ್ಳೆಯದೇ ಮಾಡಿತು. ಸಿಟ್ಟಿನಲ್ಲಿ ನನ್ನ ತಲೆ ಚುರುಕು. ಮನೆಗೆ ಬಂದು ಸೆಟ್ಟಿಂಗ್ಸ್ ತೆರೆದು, ಇರುವ ಎಲ್ಲವನ್ನೂ ಒಂದೊಂದಾಗಿ ಓದತೊಡಗಿದೆ. ಸಂಜೆ ಕಾಫಿಯ ಹೊತ್ತಿಗೆ ಕಳ್ಳ ಸಿಕ್ಕಿದ. ಎರಡು ಸ್ಕ್ರೀನೂ ಒಂದನ್ನೊಂದು ನಕಲು ಮಾಡುವ ಹಾಗೆ ಇತ್ತು. ನಕಲೆಂದ ಮೇಲೆ ದೊಡ್ಡದು ಚಿಕ್ಕದರ ಅಳತೆಗೆ ಇಳಿಯಲೇಬೇಕು. ಇಷ್ಟೆಲ್ಲ ಚುಕ್ಕಿ ಇಟ್ಟುಕೊಂಡು ಪಾಪ ದೊಡ್ಡದು ತಲೆ ತಗ್ಗಿಸಿ ಕೂತಿತ್ತು! ನಕಲು ಬೇಡ, ದೊಡ್ಡದೊಂದೇ ಸಾಕು ಎಂದು ಒತ್ತಿದೆ. ಒಂದು ಕ್ಷಣ ಕತ್ತಲೆ. ಆಮೇಲೆ ಮಂಜು ಹರಿದು, ಗೆರೆ ಗೆರೆಯಾಗಿ ಕಂಡಿತು. ರೆಸಲ್ಯೂಷನ್ 3840ಕ್ಕೆ 2160. ಅಕ್ಷರಗಳು ಮಾತ್ರ ರಾಗಿ ಕಾಳಿನಷ್ಟಾದವು. ಅದಕ್ಕೂ ಅಲ್ಲೇ ಕೆಳಗೆ ಮದ್ದಿತ್ತು. ಚುಕ್ಕಿ ಕಡಿಮೆ ಮಾಡದೆ ಅಕ್ಷರ ಮಾತ್ರ ಒಂದೂವರೆ ಪಟ್ಟು ಮಾಡಿದೆ.

"ಸಪೋರ್ಟ್ ಮಾಡಲ್ವಂತೆ! ಬಾರೇ ಇಲ್ಲಿ!" ಎಂದು ಕೂಗಿದೆ.

ಅವಳು ಬಂದು ಮೌಸ್ ಅಲ್ಲಾಡಿಸಿದಳು. "ಇದ್ಯಾಕ್ರೀ, ಕುಡಿದವರ ಥರ ಓಡಾಡ್ತಿದೆ?"

ನಿಜ. ಬಾಣದ ಗುರುತು ಜಾರುವ ಬದಲು ಎಡವಿ ಎಡವಿ ಬರುತ್ತಿತ್ತು. ಇಂಥ ಬಾಣ ಹಿಡಿದು ಗೇಟು ಬರೆದರೆ ಕೋಳಿಯಲ್ಲ, ಕೋಣವೇ ತೂರುತ್ತದೆ. ಪುಣೆಗೆ ಫೋನ್ ಮಾಡಿದೆ.

"ಅಂಕಲ್, ಆ ಕೇಬಲ್‌ನಲ್ಲಿ ನಿಮ್ ಲ್ಯಾಪ್‌ಟಾಪ್ ಸೆಕೆಂಡಿಗೆ ಮೂವತ್ತು ಸಲ ಮಾತ್ರ ಚಿತ್ರ ಬದಲಾಯ್ಸುತ್ತೆ. ಇನ್ನೊಂದು ಕೊಟ್ಟಿದೀನಲ್ಲ, ಟೈಪ್-ಸಿ, ಅದನ್ನ ಹಾಕಿ. ಆ ಕಡೆ ಮೊಟ್ಟೆ ಥರ ಸಣ್ಣ ತೂತು ಇದೆ ನೋಡಿ. ಅರವತ್ತು ಬರುತ್ತೆ."

ಭಾನುವಾರ ಸ್ನಾನ ಮುಗಿಸಿ, ಟೈಪ್-ಸಿ ಕೇಬಲ್ ಚುಚ್ಚಿದೆ. ಸ್ಕ್ರೀನ್ ಕಪ್ಪು. ತೆಗೆದು ಚುಚ್ಚಿದೆ. ಕಪ್ಪು. ತಿರುಗಿಸಿ ಚುಚ್ಚಿದೆ. ಕಪ್ಪು. ಅಂಗಡಿಯವನ ಮುಖ ಕಣ್ಣ ಮುಂದೆ ಬಂತು. ಮೂತಿಯಲ್ಲೇನಾದರೂ ಮುರಿದಿದೆಯೇ ಎಂದು ಕೇಬಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ತುದಿ ಕೆಂಪಗಿತ್ತು.

"ಸುಟ್ಟುಹೋಯ್ತೇನೋ ಕಣೇ!"

ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ಬೆರಳಿಂದ ಮುಟ್ಟಿದಳು, ಮೂಸಿದಳು. ಆಮೇಲೆ ಕುರ್ಚಿಯ ಮೇಲೆ ಕೂತು ನಗತೊಡಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಕುಂಕುಮ ಕಣ್ರೀ!" ಎಂದಳು. "ಆಯುಧಪೂಜೆ ಯಾರ್ ಮಾಡಿದ್ದು?"

ನಾನೇ ಮಾಡಿದ್ದು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಸ್ಕೂಟರ್, ಮಿಕ್ಸಿ, ಈಳಿಗೆಮಣೆ, ಆ ಉಕ್ಕಿನ ಸೌಟು, ಎಲ್ಲಕ್ಕೂ ಬೊಟ್ಟು ಬೀಳಬೇಕು. ಲ್ಯಾಪ್‌ಟಾಪ್‌ನ ಮುಚ್ಚಳಕ್ಕೆ ಇಟ್ಟರೆ ಕಲೆಯಾದೀತು ಎಂದು ನನ್ನ ಅತಿಬುದ್ಧಿ ಹೇಳಿತ್ತು. ಅದಕ್ಕೆ ಪಕ್ಕದ ಅಂಚಿನಲ್ಲಿ, ತೂತುಗಳ ಸಾಲಿಗೆ, ನೀರಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳಿನಿಂದ ಭಕ್ತಿಯಾಗಿ ಒತ್ತಿದ್ದೆ. ಯಂತ್ರದ ಬಾಯಿಗೇ ಪ್ರಸಾದ. ಎಚ್‌ಡಿಎಂಐ ಇನ್ನೊಂದು ಪಕ್ಕದಲ್ಲಿದ್ದರಿಂದ ಬದುಕಿಕೊಂಡಿತ್ತು.

ಇನ್ನು ಬತ್ತಿಯ ಕಥೆ. ಲ್ಯಾಪ್‌ಟಾಪ್ ಪೂರ್ತಿ ಆರಿಸಿದೆ. ಹೆಂಡತಿ ದೀಪಕ್ಕೆ ಹೊಸೆದಿಟ್ಟಿದ್ದ ಬತ್ತಿಗಳಲ್ಲಿ ಒಂದನ್ನು ಬಿಡಿಸಿ, ಇನ್ನೂ ತೆಳ್ಳಗೆ ಹೊಸೆದು, ಹಲ್ಲುಕಡ್ಡಿಗೆ ಸುತ್ತಿಕೊಟ್ಟಳು. ಅವಳ ಇನ್ಸುಲಿನ್ ಡಬ್ಬಿಯಲ್ಲಿದ್ದ ಸ್ಪಿರಿಟ್ ಒಂದು ತೊಟ್ಟು. ನಾನು ಭೂತಗನ್ನಡಿ ಹಿಡಿದು ಒರೆಸಿದೆ. ಮೊದಲ ಬತ್ತಿ ಕೆಂಪು, ಎರಡನೆಯದು ಗುಲಾಬಿ, ಐದನೆಯದು ಬಿಳಿ. ಅರ್ಧ ಗಂಟೆ ಒಣಗಲು ಬಿಟ್ಟೆವು. ಅವಳು ಸುಮ್ಮನಿರದೆ ಕೈಮುಗಿದಳು, ಯಾವ ದೇವರಿಗೋ, ನನಗಂತೂ ಅಲ್ಲ.

ಚುಚ್ಚಿದೆ. ಬೆಳಕು ಬಂತು. ಬಾಣ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು.

ಪರೀಕ್ಷೆಗೆಂದು ಕೈಗೆ ಸಿಕ್ಕ ನಕ್ಷೆ ತೆರೆದೆ. ಸಿಕ್ಕಿದ್ದು ರಾಜಾನುಕುಂಟೆಯದು. ಮೊದಲ ಬಾರಿಗೆ ಹಲಗೆಯ ಕಾಲದ ಹಾಗೆ ಇಡೀ ಹಾಳೆ ಒಟ್ಟಿಗೆ ಕಂಡಿತು: ಗೇಟು, ಹಂಸಗಳು, ಗರಿಗಳ ಗೆರೆ, ಅಳತೆಗಳು, ಪಟ್ಟಿ, ಯಾವುದೂ ಮಸುಕಿಲ್ಲ. ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹಿಂದೆ ನಿಂತೆ, ಹಳೆಯ ಚಾಳಿ. ಮೇಲೆ ಎಡಗಡೆ ಗೇಟಿನ ಚಿತ್ರದಲ್ಲಿ 1880. ಕೆಳಗೆ ಬಲಗಡೆ ಕಟಿಂಗ್ ಲಿಸ್ಟ್‌ನಲ್ಲಿ 1830.

ಎರಡೂ ನನ್ನ ಕಡೆಗೇ ನೋಡುತ್ತಿದ್ದವು.

ಚಿತ್ರದ ಅಳತೆಯನ್ನು ಕಂಪ್ಯೂಟರ್ ತಾನೇ ಹಾಕುತ್ತದೆ. ಪಟ್ಟಿಯನ್ನು ಕೈಯಿಂದ ಒತ್ತಿದ್ದು ನಾನು. ಭಾಯ್ ಪಟ್ಟಿಯಲ್ಲಿದ್ದದ್ದನ್ನೇ ಕತ್ತರಿಸಿದ್ದ. ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ತಿಂಗಳು ಕೆರೆಯ ಬೆಂಚಿನ ಮೇಲೆ ನಾನು ಯಾರ ಅಭಿನಯ ಮಾಡುತ್ತಿದ್ದೆನೋ ಆ ಮುದುಕ, ಎಂಟಕ್ಕೂ ಮೂರಕ್ಕೂ ವ್ಯತ್ಯಾಸ ಕಾಣದವನು, ನಾನೇ.

ಆಗ ನನಗೆ ಏನನ್ನಿಸಿತು ಎಂದು ಮುಚ್ಚಿಡುವುದಿಲ್ಲ. ಮೂರನ್ನು ಎಂಟು ಮಾಡಲು ಒಂದು ಗುಂಡಿ ಸಾಕು. ಪ್ರಿಂಟು ಕಸಕ್ಕೆ ಹೋಗಿದೆ. ನನ್ನ ಆಯುಷ್ಯದ ಅತ್ಯಂತ ಸುಲಭದ ಕೀಟಲೆ ಅದಾಗುತ್ತಿತ್ತು. ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ಇತ್ತು. ಅಡುಗೆಮನೆಯಲ್ಲಿ ಸೌಟಿನಲ್ಲಿ ಸಾಸಿವೆ ಸಿಡಿಯುತ್ತಿತ್ತು. ನಾನು ಬೆರಳು ತೆಗೆದು, ಆ ಹಾಳೆಯನ್ನು ಹಾಗೇ ಬಿಟ್ಟು, ಹೊಸ ಗೇಟಿನ ಹಾಳೆ ತೆರೆದು ಕೂತೆ. ಸೂರ್ಯ ಮುಳುಗುವವರೆಗೂ ಏಳಲಿಲ್ಲ. ಪಟ್ಟಿಯ ಪ್ರತಿ ಸಾಲನ್ನೂ ಮೂರು ಸಲ ಓದಿದೆ, ಒಂದು ಸಲ ಹೆಂಡತಿಯಿಂದ ಗಟ್ಟಿಯಾಗಿ ಓದಿಸಿದೆ.

ಸೋಮವಾರ ಬೆಳಿಗ್ಗೆ ಭಾಯ್ ಬಂದ. ಅವನು ಚಪ್ಪಲಿ ಬಿಡುವ ಮೊದಲೇ ನಾನು ಎದುರು ಹೋಗಿ ಹೇಳಿದೆ.

"ಭಾಯ್, ರಾಜಾನುಕುಂಟೆ ತಪ್ಪು ನಂದು. ಲಿಸ್ಟ್‌ನಲ್ಲಿ 1830 ಅಂತ ನಾನೇ ಹಾಕಿದೀನಿ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಸೌಟು ಮಾಡಿದಾಗಿಂದ. ನೀನು ಬರೆದಿದ್ದನ್ನೇ ಅಲ್ವಾ ನಾನು ಮಾಡೋದು."

"ಮತ್ತೆ ಕೆರೆ ಹತ್ರ ನಾನು ಅಷ್ಟೆಲ್ಲ ಹೇಳ್ತಿದ್ರೂ ಯಾಕೋ ಬಾಯಿ ಬಿಡ್ಲಿಲ್ಲ?"

"ನೀನೇ ಒಂದಿನ ನೋಡ್ತೀಯ ಅಂತ ಕಾಯ್ತಿದ್ದೆ. ತುಂಬಾ ಲೇಟ್ ಮಾಡ್ದೆ ಗುರು."

ಆಮೇಲೆ ಅವನು ಮೇಜಿನ ಮುಂದೆ ನಿಂತು ಹೊಸ ನಕ್ಷೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಬಂದ. ಸ್ಕ್ರೀನಿನ ಮೇಲೆ ಅವನ ಬೆರಳಿನ ಗ್ರೀಸ್ ಗುರುತು ಇನ್ನೂ ಇದೆ, ಒರೆಸಲು ನಾನು ಬಿಟ್ಟಿಲ್ಲ. ಕಾಲು ಗಂಟೆ ಹುಡುಕಿದ. ಒಂದೂ ಸಿಗಲಿಲ್ಲ.

"ಪರವಾಗಿಲ್ಲ," ಎಂದ. "ಪ್ರಿಂಟ್ ತೆಗೆಸು. ಆದ್ರೆ ಈ ಗೇಟಿಗೆ ಕೈ ಹಾಕೋ ಮುಂಚೆ ಒಂದ್ ಕೆಲ್ಸ ಇದೆ. ನಡಿ ಕೆರೆಗೆ."

ಹೋದೆವು. ಅದೇ ಬೆಂಚು, ಅದೇ ಬಳಗ. ನಾನು ನಿಂತುಕೊಂಡು ಅಭಿನಯ ಸಮೇತ ಎಲ್ಲವನ್ನೂ ಹೇಳಿದೆ, ಈ ಸಲ ನನ್ನದೇ ಅಭಿನಯ, ಕಣ್ಣು ಕಿರಿದು ಮಾಡಿ ಗುಂಡಿ ಒತ್ತುವುದು. ಮೊದಲಿಗಿಂತ ಜೋರಾಗಿ ನಕ್ಕರು. ಈಗ ಕೋಳಿಯ ಕೂಗು ನನಗೆ. ಕೂಗಲಿ. ಅಪಾರ್ಟ್‌ಮೆಂಟಿನ ಗೇಟು ನಿಂತಿದೆ, ಬೇಕಾದರೆ ಹೋಗಿ ಸಂದಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ರಿಪೇರಿ ಅಂಗಡಿಗೂ ಹೋಗಿದ್ದೆ, ಸ್ಕ್ರೀನಿನ ಫೋಟೋ ತೋರಿಸಿ ಬಂದೆ. ಅವನ ಗ್ರಿಲ್ ಗೇಟನ್ನೂ ಒಂದು ಮಧ್ಯಾಹ್ನ ಹೋಗಿ ಉಜ್ಜಿ ಸರಿಮಾಡಿಕೊಟ್ಟೆ. ನನ್ನ ಗೇಟು ಮಳೆಗಾಲದಲ್ಲಿ ಹಾಕಲು ಬರುವುದಿಲ್ಲವಂತೆ!

ನಂಬಬೇಡಿ ಎಂದಿದ್ದೆ, ನೀವು ನಂಬಿಬಿಟ್ಟಿರಿ. ಇಷ್ಟರಲ್ಲಿ ಒಂದು ಸುಳ್ಳಿದೆ. ಕುಂಕುಮವಲ್ಲ, ಬತ್ತಿಯಲ್ಲ. ಸೌಟೂ ಅಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಭಾಯ್ ಚಪ್ಪಲಿ ಬಿಡುವ ಮೊದಲೇ ನಾನು ಹೇಳಿದೆ ಎಂದು ಬರೆದೆನಲ್ಲ, ಅದು. ಅವನು ಬಂದಾಗ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವನು ಕನ್ನಡಕ ಏರಿಸಿಕೊಂಡು, ಹಿಂದಿನ ರಾತ್ರಿ ಮತ್ತೊಮ್ಮೆ ನೋಡಿ ನಾನು ಮುಚ್ಚದೆ ಬಿಟ್ಟಿದ್ದ ರಾಜಾನುಕುಂಟೆಯ ಹಾಳೆಯ ಮುಂದೆ ನಿಂತಿದ್ದ. ಒಂದು ಬೆರಳು 1880ರ ಮೇಲೆ, ಇನ್ನೊಂದು 1830ರ ಮೇಲೆ. ತಪ್ಪು ನಂದು ಎಂದು ನಾನು ಹೇಳಿದ್ದು ಆಮೇಲೆ.

ಅವನು ನೋಡದೆ ಇದ್ದಿದ್ದರೂ ಹೇಳುತ್ತಿದ್ದೆ ಎಂಬುದು ನನ್ನ ವಾದ. ಭಾಯ್ ಇನ್ನೂ ಒಪ್ಪಿಲ್ಲ.